ಹತ್ತು ದಿನದೊಳಗೆ ಆ ಕಾಗದ ಕೊಡಿಸಿ: ಗೃಹ ಸಚಿವರಿಗೂ ಪೊಲೀಸ್ ಮಹಾನಿರ್ದೇಶಕರಿಗೂ ಒಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಗೃಹ ಸಚಿವರಿಗೆ ಮತ್ತು ಪೊಲೀಸ್ ಮಹಾನಿರ್ದೇಶಕರಿಗೆ,

ನಮಸ್ಕಾರ.

ರಸ್ತೆ ಅಪಘಾತದಲ್ಲಿ ಪೆಟ್ಟಾದವರಿಗೆ, ಇಲ್ಲವೇ ಸತ್ತವರ ಮನೆಯವರಿಗೆ, ಪೊಲೀಸರು ಹತ್ತು ದಿನದೊಳಗೆ ಒಂದು ಕಾಗದ ಕೊಡಬೇಕು. ಅದಕ್ಕೆ ನಮೂನೆ 2 ಅಂತ ಹೆಸರು. ನಿಮ್ಮ ಹಕ್ಕುಗಳೇನು, ಪರಿಹಾರದ ಕೆಲಸ ಯಾವ ಹಂತದಲ್ಲಿ ಯಾರಿಂದ ಆಗಬೇಕು ಅನ್ನುವುದೆಲ್ಲ ಅದರಲ್ಲಿ ಇರಬೇಕು. ಇದು ಯಾರೋ ಕೊಟ್ಟ ಸಲಹೆ ಅಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆ ಕಾಗದ ಕೈಗೆ ಬಂದವರು ಯಾರಾದರೂ ಇದ್ದಾರಾ ಅಂತ ನಮ್ಮ ಚಿತ್ರದುರ್ಗದ ಕಡೆ ನಾನು ಸಿಕ್ಕವರನ್ನೆಲ್ಲ ಕೇಳುತ್ತಿದ್ದೇನೆ. ಇನ್ನೂ ಒಬ್ಬರೂ ಸಿಕ್ಕಿಲ್ಲ.

ನಿಮ್ಮಿಬ್ಬರಿಗೇ ಬರೆಯುವುದಕ್ಕೆ ಕಾರಣವಿದೆ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ನಿಯಮಗಳ ಬಗ್ಗೆ ಒಂದು ತೀರ್ಪು ಕೊಟ್ಟಿತು. ಅಪಘಾತ ಪರಿಹಾರದ ತನಿಖೆಗೆಂದೇ ಪೊಲೀಸ್ ಠಾಣೆಗಳಲ್ಲಿ, ಕೊನೇಪಕ್ಷ ಊರಿನ ಮಟ್ಟದಲ್ಲಿ, ಒಂದು ವಿಶೇಷ ಘಟಕ ಮಾಡಿ ಅಂತ ಹೇಳಿತು. ಮೂರು ತಿಂಗಳ ಗಡುವೂ ಕೊಟ್ಟಿತ್ತು. ಆ ಆದೇಶ ಹೋದದ್ದು ಪ್ರತಿ ರಾಜ್ಯದ ಗೃಹ ಇಲಾಖೆಯ ಮುಖ್ಯಸ್ಥರಿಗೆ ಮತ್ತು ಪೊಲೀಸ್ ಮಹಾನಿರ್ದೇಶಕರಿಗೆ. ಹಾಗಾಗಿ ಸಾರಿಗೆ ಇಲಾಖೆಯನ್ನೋ ವಿಮಾ ಕಂಪನಿಯನ್ನೋ ಕೇಳುವ ಮೊದಲು ನಿಮ್ಮನ್ನು ಕೇಳುತ್ತಿದ್ದೇನೆ.

ನನ್ನ ಅಕ್ಕನ ಮಗ ಗಾರೆ ಕೆಲಸದವನು. ಹೈವೇ ಪಕ್ಕದ ಸರ್ವೀಸ್ ರಸ್ತೆಯಲ್ಲಿ ಬೈಕಿನಲ್ಲಿ ಬರುವಾಗ ಒಂದು ಕಾರು ಗುದ್ದಿತು. ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದು ರಾಡ್ ಹಾಕಿದರು. ಅವನಿಗೆ ಸರಿಯಾಗಿ ಎಚ್ಚರ ಆಗುವ ಹೊತ್ತಿಗೆ ವಾರ್ಡಿಗೆ ಒಬ್ಬ ಮನುಷ್ಯ ಬಂದಿದ್ದ. ನೀಟಾಗಿ ಇನ್‌ಶರ್ಟ್ ಮಾಡಿಕೊಂಡು, ಕೈಯಲ್ಲಿ ಫೈಲು. ಎಫ್‌ಐಆರ್ ನಂಬರ್ ಅವನಿಗೆ ಗೊತ್ತಿತ್ತು. ಕಾರಿನ ವಿಮೆ ಯಾವ ಕಂಪನಿಯದು ಅನ್ನುವುದೂ ಗೊತ್ತಿತ್ತು. ನಮಗೆ ಎರಡೂ ಗೊತ್ತಿರಲಿಲ್ಲ. "ಅಮ್ಮಾ, ನೀವೇನೂ ತಲೆ ಕೆಡಿಸ್ಕೋಬೇಡಿ, ಖರ್ಚೆಲ್ಲ ನಾವೇ ನೋಡ್ಕೋತೀವಿ, ಇಲ್ಲೊಂದು ಸೈನ್ ಹಾಕಿ" ಅಂದ. ಅಕ್ಕ ಹಾಕಿದಳು. ಬಂದ ದುಡ್ಡಿನಲ್ಲಿ ಇಷ್ಟು ಪಾಲು ಅನ್ನುವ ಮಾತು ಆಮೇಲೆ ಬಂತು. ಪರಿಹಾರದಲ್ಲಿ ಪಾಲು ಕೇಳಿ ಕೇಸು ನಡೆಸಬಾರದು ಅಂತ ವಕೀಲರ ಪರಿಷತ್ತಿನ ನಿಯಮವೇ ಇದೆ. ಆ ಮನುಷ್ಯ ವಕೀಲನೇ ಅಲ್ಲವಾದ್ದರಿಂದ ನಿಯಮದ ಚಿಂತೆ ಅವನಿಗಿರಲಿಲ್ಲ ಅಂತ ಕಾಣುತ್ತದೆ.

ಅವನನ್ನು ಬೈದು ಪ್ರಯೋಜನವಿಲ್ಲ. ಅವನು ಬಂದ, ಮಾತಾಡಿಸಿದ, ಮುಂದೆ ಏನಾಗುತ್ತದೆ ಅಂತ ಹೇಳಿದ. ಸರ್ಕಾರದ ಕಡೆಯಿಂದ ಬಂದವರು ಹೇಳಿಕೆ ಬರೆದುಕೊಂಡು ಹೋದರು, ಅಷ್ಟೇ. ಠಾಣೆಗೆ ಹೋಗಿ ಕೇಳಿದರೆ "ಲಾಯರ್ ಇಟ್ಕೊಳ್ಳಿ ಸಾರ್, ಅವರೇ ಬಂದು ಎಲ್ಲಾ ತಗೋತಾರೆ" ಅನ್ನುವ ಉತ್ತರ. ಒರಟಾಗೇನೂ ಹೇಳಲಿಲ್ಲ. ಕುರ್ಚಿ ಹಾಕಿ ಕೂರಿಸಿಯೇ ಹೇಳಿದರು.

ಈಗ ಕಾನೂನು ಏನು ಹೇಳುತ್ತದೆ ನೋಡಿ. ಅಪಘಾತವಾದ 48 ಗಂಟೆಯೊಳಗೆ ತನಿಖಾಧಿಕಾರಿ ನಮೂನೆ 1ರಲ್ಲಿ ಮೊದಲ ವರದಿಯನ್ನು ಪರಿಹಾರ ನ್ಯಾಯಮಂಡಳಿಗೂ ವಿಮಾ ಕಂಪನಿಗೂ ಕಳಿಸಬೇಕು. ಹತ್ತು ದಿನದೊಳಗೆ ನಮೂನೆ 2 ಪೆಟ್ಟಾದವರ ಕೈಯಲ್ಲಿರಬೇಕು. ಕಾರಿನ ಡ್ರೈವರ್ ಮತ್ತು ಮಾಲೀಕ 30 ದಿನದಲ್ಲಿ ತಮ್ಮ ವಿವರ ಕೊಡಬೇಕು. ಆಸ್ಪತ್ರೆಯವರು ಎಂಎಲ್‌ಸಿ (ಪೊಲೀಸ್ ಕೇಸಿಗೆಂದು ಬರೆಯುವ ಗಾಯದ ವರದಿ) ಅಥವಾ ಮರಣೋತ್ತರ ವರದಿಯನ್ನು 15 ದಿನದಲ್ಲಿ ಕೊಡಬೇಕು. 50 ದಿನಕ್ಕೆ ಮಧ್ಯಂತರ ವರದಿ, 90 ದಿನಕ್ಕೆ ಪೂರ್ತಿ ವರದಿ. ವಿಮಾ ಕಂಪನಿ ಇದಕ್ಕೆಂದೇ ಒಬ್ಬ ಅಧಿಕಾರಿಯನ್ನು ಗೊತ್ತು ಮಾಡಿ, 30 ದಿನದಲ್ಲಿ ಇಷ್ಟು ಕೊಡುತ್ತೇವೆ ಅಂತ ಹೇಳಬೇಕು. ಪೊಲೀಸರ ಆ ವರದಿಯನ್ನೇ ನ್ಯಾಯಮಂಡಳಿ ಪರಿಹಾರದ ಅರ್ಜಿ ಅಂತ ತೆಗೆದುಕೊಳ್ಳಬಹುದು. ಅಂದರೆ ಈ ಏರ್ಪಾಡಿನಲ್ಲಿ ಹಾಸಿಗೆ ಮೇಲಿರುವವನು ಯಾರ ಹಿಂದೆಯೂ ಅಲೆಯಬೇಕಾಗಿಲ್ಲ. ದೆಹಲಿ ಹೈಕೋರ್ಟಿನ ಒಂದು ಪ್ರಕರಣದಿಂದ ಬೆಳೆದುಬಂದ ಪದ್ಧತಿ ಇದು. ಅದನ್ನೇ ಇಡೀ ದೇಶಕ್ಕೆ ನಿಯಮ ಮಾಡಿದರು.

ಅದೇ 2022ರ ಏಪ್ರಿಲ್ 1ರಂದು ಇನ್ನೊಂದು ವಿಷಯವೂ ಜಾರಿಗೆ ಬಂತು. 2019ರ ತಿದ್ದುಪಡಿಯಲ್ಲಿದ್ದ ಆರು ತಿಂಗಳ ಗಡುವು. 1994ರಿಂದ ಈಚೆಗೆ ಪರಿಹಾರದ ಅರ್ಜಿಗೆ ಗಡುವೇ ಇರಲಿಲ್ಲ. ಈಗ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತಾಯಿತು. ಕಾಲಿಗೆ ರಾಡ್ ಹಾಕಿಸಿಕೊಂಡವನು ವಾಕರ್ ಹಿಡಿದು ನಡೆಯಲು ಕಲಿಯುವುದರಲ್ಲೇ ಆರು ತಿಂಗಳು ಕಳೆದುಹೋಗುತ್ತದೆ.

ಈ ಎರಡನ್ನೂ ಜೊತೆಗಿಟ್ಟು ನೋಡಬೇಕು ಅನ್ನುವುದೇ ನನ್ನ ವಾದ. ಪೊಲೀಸರೇ ವರದಿ ಕಳಿಸುತ್ತಾರೆ, ಹಕ್ಕುಗಳ ಬಗ್ಗೆ ಹತ್ತು ದಿನದಲ್ಲೇ ತಿಳಿಸುತ್ತಾರೆ ಅಂತಾದರೆ ಆರು ತಿಂಗಳ ಗಡುವಿಗೆ ಒಂದು ಅರ್ಥವಿದೆ. ಪೊಲೀಸರ ಪಾಲಿನ ಕೆಲಸ ನಿಂತುಹೋಗಿ ಗಡುವು ಮಾತ್ರ ಉಳಿದರೆ ಅದು ಪೆಟ್ಟಾದವನಿಗೆ ಎರಡನೇ ಪೆಟ್ಟು. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಮಧ್ಯಂತರ ಆದೇಶದಲ್ಲಿ, ಗಡುವು ಮೀರಿದೆ ಅನ್ನುವ ಕಾರಣಕ್ಕೆ ಅರ್ಜಿಗಳನ್ನು ಸದ್ಯಕ್ಕೆ ವಜಾ ಮಾಡಬೇಡಿ ಅಂತ ನ್ಯಾಯಮಂಡಳಿಗಳಿಗೆ ಹೇಳಿತು. ಸ್ವಲ್ಪ ಉಸಿರಾಡುವಂತಾಯಿತು. ಆದರೆ ಮಧ್ಯಂತರ ಆದೇಶವನ್ನು ನೆಚ್ಚಿಕೊಂಡು ಯಾರೂ ಸುಮ್ನೆ ಕೂರಬಾರದು. ನೀವೂ ಕೂರಬಾರದು.

ಒಂದು ಕಾಗದ ಕೊಟ್ಟರೆ ಏನು ಮಹಾ ಆಗಿಬಿಡುತ್ತದೆ ಅಂತ ಅನ್ನಿಸಬಹುದು. ದುಡ್ಡಿನ ಲೆಕ್ಕದಲ್ಲೇ ಹೇಳುತ್ತೇನೆ.

ಗಾಯಾಳುವಿನ ಪರಿಹಾರದಲ್ಲಿ ಆಸ್ಪತ್ರೆ ಖರ್ಚು, ನೋವಿಗೆ, ಕೆಲಸವಿಲ್ಲದ ತಿಂಗಳುಗಳಿಗೆ ಅಂತ ಬೇರೆ ಬೇರೆ ಬಾಬತ್ತುಗಳಿವೆ. ಎಲ್ಲಕ್ಕಿಂತ ದೊಡ್ಡದು ಮುಂದಿನ ದುಡಿಮೆಯ ನಷ್ಟ. ಅದಕ್ಕೆ ಸುಪ್ರೀಂ ಕೋರ್ಟ್ 2009ರಲ್ಲಿ ಗಟ್ಟಿ ಮಾಡಿದ ಒಂದು ಪಟ್ಟಿ ಇದೆ. 31ರಿಂದ 35 ವಯಸ್ಸಿನವರಿಗೆ ವರ್ಷದ ಆದಾಯವನ್ನು 16ರಿಂದ ಗುಣಿಸುತ್ತಾರೆ. 41ರಿಂದ 45ಕ್ಕೆ 14, 56ರಿಂದ 60ಕ್ಕೆ 9. ಬಂದ ಮೊತ್ತದಲ್ಲಿ ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಗಿದೆಯೋ ಅಷ್ಟು ಭಾಗ ಕೊಡುತ್ತಾರೆ. ತಿಂಗಳಿಗೆ 15 ಸಾವಿರ ದುಡಿಯುವ 32 ವರ್ಷದವನು ಅಂತ ಇಟ್ಟುಕೊಳ್ಳಿ. ಹದಿನೈದು ಸಾವಿರವನ್ನು ಹನ್ನೆರಡರಿಂದ, ಅದನ್ನು ಹದಿನಾರರಿಂದ ಗುಣಿಸಿದರೆ 28 ಲಕ್ಷದ 80 ಸಾವಿರ. ಡಾಕ್ಟರು ಕಾಲಿನ ನ್ಯೂನತೆ ಶೇ 39 ಅಂತ ಬರೆಯುತ್ತಾರೆ. ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ ಅಂತ ಹಿಡಿದರೆ ಶೇ 13. ಕೈಗೆ ಬರುವುದು 3 ಲಕ್ಷದ 74 ಸಾವಿರದ 400.

ಆದರೆ ಗಾರೆ ಕೆಲಸದವನು ಸಾರವೆ ಹತ್ತಬೇಕು. ಸಿಮೆಂಟ್ ಬಾಂಡ್ಲಿ ಹಿಡಿದು ಮೇಲೆ ನಿಲ್ಲಬೇಕು. ಮೊಣಕಾಲು ಮಡಚದಿದ್ದರೆ ಅವನ ಕಸುಬೇ ಹೋಯಿತು. 2010ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಬಿಡಿಸಿ ಹೇಳಿದೆ. ಎಡಗೈ ಹೋದರೆ ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು, ಡ್ರೈವರ್ ಅಥವಾ ಬಡಗಿಗೆ ದುಡಿಮೆ ಹೆಚ್ಚುಕಮ್ಮಿ ಪೂರ್ತಿ ಹೋದಂತೆ. ಆದ್ದರಿಂದ ದೇಹದ ನ್ಯೂನತೆ ಎಷ್ಟು ಅಂತ ನೋಡಿ ಅಲ್ಲಿಗೇ ನಿಲ್ಲಿಸಬೇಡಿ, ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಅಂತ ನೋಡಿ. ಮೇಲಿನ ಲೆಕ್ಕದಲ್ಲಿ 13ರ ಬದಲು 40 ಅಂತ ನ್ಯಾಯಮಂಡಳಿ ಒಪ್ಪಿದರೆ 11 ಲಕ್ಷದ 52 ಸಾವಿರ ಆಗುತ್ತದೆ. ಅದೇ ಕಾಲು, ಅದೇ ಮನುಷ್ಯ.

ಈ ವ್ಯತ್ಯಾಸ ಬರುವುದು ಪುರಾವೆಯಿಂದ. ಇವನು ಏನು ಕೆಲಸ ಮಾಡುತ್ತಿದ್ದ, ಯಾರ ಹತ್ತಿರ, ದಿನಕ್ಕೆ ಎಷ್ಟು ಕೂಲಿ ಅನ್ನುವುದಕ್ಕೆ ಏನಾದರೂ ಬೇಕು. ಮೇಸ್ತ್ರಿಯ ವಾರದ ಬಟವಾಡೆ ಚೀಟಿ, ಫೋನ್‌ಪೇಯಲ್ಲಿ ಬಂದ ಕೂಲಿ, ಕಟ್ಟಡ ಕಾರ್ಮಿಕರ ಕಾರ್ಡು, ಏನಾದರೂ ಸರಿ. ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿರುವ ಅಂದಾಜು ಆದಾಯವೇ ಗತಿ. ನಮ್ಮ ಹುಡುಗನ ನಿಜವಾದ ಕೂಲಿಗಿಂತ ಅದು ಕಡಿಮೆ. ಮೆಡಿಕಲ್ ಬಿಲ್ಲುಗಳೂ ಅಷ್ಟೆ. ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಬಿಲ್ಲಿಲ್ಲದೆ ತಂದ ಮಾತ್ರೆಗೆ ಯಾರೂ ದುಡ್ಡು ಕೊಡುವುದಿಲ್ಲ. ನೋಡಿಕೊಳ್ಳಲು ನಿಂತವರು ಕೂಲಿ ಬಿಟ್ಟದ್ದಕ್ಕೂ, ಆಸ್ಪತ್ರೆಗೆ ಓಡಾಡಿದ ಆಟೋಗೂ ಲೆಕ್ಕ ಇಟ್ಟಿರಬೇಕು. ಇದನ್ನೆಲ್ಲ ಮೊದಲ ವಾರದಲ್ಲೇ ಹೇಳಿದರೆ ಯಾರಾದರೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡುತ್ತಾರೆ. ಎರಡು ವರ್ಷದ ಮೇಲೆ ಸಾಕ್ಷಿ ಕಟ್ಟೆಯಲ್ಲಿ ನಿಂತಾಗ ಕೇಳಿದರೆ ಎಲ್ಲಿಂದ ತರುವುದು?

ಮನೆಯಲ್ಲಿ ಕೆಲಸ ಮಾಡುವ ಹೆಂಗಸರದ್ದು ಇದರಲ್ಲಿ ಇನ್ನೂ ದೊಡ್ಡ ವಿಷಯ. "ನಂಗೇನು ಸಂಬಳ ಬರುತ್ತಾ" ಅಂತ ಅವರೇ ಅಂದುಬಿಡುತ್ತಾರೆ. ಗೃಹಿಣಿಯ ದುಡಿಮೆಗೂ ಆದಾಯ ಕಟ್ಟಬೇಕು ಅಂತ 2021ರಲ್ಲೂ ಸುಪ್ರೀಂ ಕೋರ್ಟ್ ಹೇಳಿದೆ. ಕೈ ಮುರಿದು ರೊಟ್ಟಿ ತಟ್ಟಲಾಗದ ತಾಯಿಗೆ ಈ ಮಾತನ್ನು ಯಾರಾದರೂ ಹೇಳಬೇಕಲ್ಲ?

ಇನ್ನು ನಮ್ಮ ಕಡೆಯ ಕಾಂಪ್ರಮೈಸ್ ವಿಷಯ. ಕಾರಿನವನು ಇಳಿದು ಬಂದು, ಐದೋ ಹತ್ತೋ ಸಾವಿರ ಕೈಗಿಟ್ಟು, "ಕೇಸು ಗೀಸು ಬೇಡ ಅಣ್ಣಾ" ಅಂದರೆ ಜನ ಒಪ್ಪಿಬಿಡುತ್ತಾರೆ. ನಾಲ್ಕು ದಿನ ಬಿಟ್ಟು ಸೊಂಟ ಹಿಡಿದುಕೊಂಡು ಎಕ್ಸ್‌ರೇ ತೆಗೆಸಿದರೆ ಬಿರುಕು. ಆಮೇಲೆ ದೂರು ಕೊಟ್ಟರೆ ವಿಮಾ ಕಂಪನಿಯ ಮೊದಲ ಪ್ರಶ್ನೆ, ಇಷ್ಟು ತಡ ಯಾಕೆ? ಎಫ್‌ಐಆರ್ ತಡವಾಯಿತು ಅನ್ನುವುದೊಂದರಿಂದಲೇ ಪರಿಹಾರ ನಿರಾಕರಿಸುವಂತಿಲ್ಲ ಅಂತ 2011ರ ಒಂದು ತೀರ್ಪಿದೆ. ಆದರೂ ಕಷ್ಟವಂತೂ ಹೆಚ್ಚುತ್ತದೆ. ಕಾರಿನವರಿಗೂ ಒಂದು ಮಾತು. ಥರ್ಡ್ ಪಾರ್ಟಿ ವಿಮೆ ಇರುವುದೇ ಇದಕ್ಕೆ. ಎದುರಿನವನ ಗಾಯಕ್ಕೆ ಕಂಪನಿ ದುಡ್ಡು ಕೊಡುತ್ತದೆ. ನಿಮ್ಮ ಲೈಸೆನ್ಸು, ವಿಮೆ ಸರಿಯಿದ್ದರೆ ಭಯಪಟ್ಟು ಜೇಬಿಗೆ ಕೈ ಹಾಕುವ ಅಗತ್ಯವೇ ಇಲ್ಲ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಪೊಲೀಸರಿಗೂ ಕಂಪನಿಗೂ ತಿಳಿಸಿ.

ಆದರೆ ಕಾರಿನವರಿಗೇ ತಮ್ಮ ಪಾಲಿಸಿಯಲ್ಲಿ ಏನಿದೆ ಅಂತ ಗೊತ್ತಿರುವುದು ಕಡಿಮೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದು, ಯಜಮಾನರೇ ಓಡಿಸುತ್ತಾ ಡಿವೈಡರ್‌ಗೆ ಗುದ್ದಿದರೆ, ಪಕ್ಕದಲ್ಲಿ ಕೂತ ಹೆಂಡತಿಯ ಗಾಯಕ್ಕೆ ಆ ಪಾಲಿಸಿ ಬರುವುದಿಲ್ಲ. ನಮ್ಮ ಗಾಡಿಯ ನಷ್ಟಕ್ಕೂ ಸೇರಿಸಿ ಮಾಡಿಸುವ ಪ್ಯಾಕೇಜ್ ಪಾಲಿಸಿ ಇದ್ದರೆ ಬರುತ್ತದೆ. ಓಡಿಸುತ್ತಿದ್ದ ಮಾಲೀಕನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದ್ದರೆ ಅದು, ಇಲ್ಲದಿದ್ದರೆ ಏನೂ ಇಲ್ಲ. 2014ರಲ್ಲಿ ಅರಸೀಕೆರೆಯ ದಾರಿಯಲ್ಲಿ ಕಾರು ಪಲ್ಟಿಯಾಗಿ ಒಬ್ಬರು ಸತ್ತರು. ಅವರ ಮನೆಯವರು 80 ಲಕ್ಷ ಕೇಳಿ ಸುಪ್ರೀಂ ಕೋರ್ಟಿನವರೆಗೂ ಹೋದರು. 2025ರ ಜುಲೈನಲ್ಲಿ ಅರ್ಜಿ ವಜಾ ಆಯಿತು. ತನ್ನದೇ ಅಜಾಗರೂಕತೆಯಿಂದ ಸತ್ತವರ ವಾರಸುದಾರರು ಕಂಪನಿಯಿಂದ ಪರಿಹಾರ ಕೇಳುವಂತಿಲ್ಲ ಅಂತ. ಹನ್ನೊಂದು ವರ್ಷ ಕೋರ್ಟು ಅಲೆಯುವ ಮೊದಲೇ ಅವರಿಗೆ ಇದನ್ನು ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಗುದ್ದಿ ಓಡಿಹೋದ ಗಾಡಿಯ ವಿಷಯದಲ್ಲೂ ಕೊನೆಗೆ ಪೊಲೀಸರ ಹತ್ತಿರವೇ ಬರಬೇಕು. ಗಾಡಿ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ದೊಡ್ಡ ಗಾಯಕ್ಕೆ 50 ಸಾವಿರ ಪರಿಹಾರ ಇದೆ. ಅದಕ್ಕೆ ಅರ್ಜಿ ಕಂದಾಯ ಇಲಾಖೆಯಲ್ಲಿ. ಒಂದು ತಿಂಗಳಾದರೂ ಗಾಡಿ ಸಿಗದಿದ್ದರೆ ಈ ಯೋಜನೆ ಇದೆ ಅಂತ ಪೊಲೀಸರು ಬರೆದು ತಿಳಿಸಬೇಕು ಅಂತ 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಗದಿಲ್ಲದ ಚಿಕಿತ್ಸೆಯೂ ಹಾಗೇ. 2025ರ ಮೇ ತಿಂಗಳಿಂದ ಅಪಘಾತವಾದವರಿಗೆ ಏಳು ದಿನದವರೆಗೆ ಒಂದೂವರೆ ಲಕ್ಷದಷ್ಟು ಚಿಕಿತ್ಸೆ ಉಚಿತ. ಎಷ್ಟು ಜನ ಅದನ್ನು ಕೇಳಿ ಪಡೆಯುತ್ತಾರೆ? ಗೊತ್ತಿದ್ದರಲ್ವಾ ಕೇಳುವುದು!

ನಮ್ಮ ರಾಜ್ಯ ಇಂಥ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. 2016ರಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ, ಸಾಯುವ ಹೊತ್ತಿನಲ್ಲೂ ತನ್ನ ಅಂಗಾಂಗ ದಾನ ಮಾಡಿ ಅಂದ ಹರೀಶ್ ಅವರ ಹೆಸರಿನಲ್ಲಿ ಮೊದಲ 48 ಗಂಟೆಯ ಚಿಕಿತ್ಸೆಗೆ ಯೋಜನೆ ಮಾಡಿದ್ದೇವೆ. ಗಾಯಾಳುವಿಗೆ ನೆರವಾದವರನ್ನು ಕಾಪಾಡುವ ಕಾನೂನನ್ನು ದೇಶದಲ್ಲಿ ಮೊದಲು ಮಾಡಿದವರೂ ನಾವೇ. ಅಪಘಾತದ ವಿವರವನ್ನು ಆ್ಯಪಿನಲ್ಲಿ ದಾಖಲಿಸುವ ಕೇಂದ್ರದ ವ್ಯವಸ್ಥೆ ಮೊದಲು ಶುರುವಾದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅಂದರೆ ಗಾಡಿಯ ನಂಬರು, ಪಾಲಿಸಿ, ಡ್ರೈವರಿನ ಲೈಸೆನ್ಸು ಎಲ್ಲವೂ ನಿಮ್ಮ ಠಾಣೆಯ ಕಂಪ್ಯೂಟರಿನಲ್ಲೇ ಸಿಗುವಂತಿದೆ. ಒಂದು ಪ್ರಿಂಟು ತೆಗೆದು ಕೊಡುವುದು ಉಳಿದಿದೆ.

ಠಾಣೆಗಳ ಕಷ್ಟ ನನಗೆ ಗೊತ್ತಿಲ್ಲದೆ ಇಲ್ಲ. ಗಣಪತಿ ಮೆರವಣಿಗೆ, ಚುನಾವಣೆ, ಮಂತ್ರಿಗಳ ಬಂದೋಬಸ್ತು. (ಕೊನೆಯದರಲ್ಲಿ ಸಚಿವರು ಸ್ವಲ್ಪ ನೆರವಾಗಬಹುದು.) ಇದರ ಮಧ್ಯೆ ಮಹಜರು, ಸ್ಕೆಚ್ಚು, ಗಾಡಿ ತಪಾಸಣೆಯ ಐಎಂವಿ ವರದಿ, ಚಾರ್ಜ್‌ಶೀಟ್ ಅಂತ ಒಬ್ಬ ಸ್ಟೇಷನ್ ರೈಟರ್ ಎಷ್ಟು ಬರೆದಾನು? ಅದಕ್ಕೇ ವಿಶೇಷ ಘಟಕ ಮಾಡಿ ಅಂತ ಕೋರ್ಟು ಹೇಳಿದ್ದು.

ಸುಳ್ಳು ಕೇಸುಗಳ ಬಗ್ಗೆ ವಿಮಾ ಕಂಪನಿಗಳು ದೂರುತ್ತಲೇ ಇರುತ್ತವೆ. ಅದರಲ್ಲಿ ನಿಜವೂ ಇದೆ. ವಿಮೆ ಇಲ್ಲದ ಗಾಡಿ ಗುದ್ದಿದರೆ ವಿಮೆ ಇರುವ ಗಾಡಿಯನ್ನು ತಂದು ತೋರಿಸುವುದು, ತಾನೇ ಬಿದ್ದವನಿಗೆ ಯಾವುದೋ ಕಾರು ಹುಡುಕಿ ಕೊಡುವುದು, ಇವೆಲ್ಲ ನಡೆಯುತ್ತವೆ. ಆದರೆ ಇಂಥ ಕೈಚಳಕಕ್ಕೆ ಸಮಯ ಬೇಕು. 48 ಗಂಟೆಯಲ್ಲಿ ಗಾಡಿ ನಂಬರಿನ ಸಮೇತ ವರದಿ ನ್ಯಾಯಮಂಡಳಿಗೆ ಹೋಗಿಬಿಟ್ಟರೆ ಆಮೇಲೆ ಗಾಡಿ ಬದಲಾಯಿಸುವುದು ಹೇಗೆ? ಹಾಗಾಗಿ ಈ ನಿಯಮ ಪಾಲಿಸಿ ಅಂತ ಒತ್ತಾಯ ಮಾಡಬೇಕಾದವರು ಮೊದಲು ವಿಮಾ ಕಂಪನಿಗಳು. ಅವರು ಮಾಡಿದ್ದನ್ನು ನಾನಂತೂ ಕಂಡಿಲ್ಲ. ಪ್ರತಿ ಕೇಸಿನಲ್ಲೂ ಒಂದೇ ಅಚ್ಚಿನ ಆಕ್ಷೇಪಣೆ ಹಾಕುತ್ತಾರೆ. ಅಪಘಾತವೇ ಆಗಿಲ್ಲ, ಆಗಿದ್ದರೂ ನಮ್ಮ ಗಾಡಿಯದಲ್ಲ, ನಮ್ಮದೇ ಆದರೂ ತಪ್ಪು ಅರ್ಜಿದಾರನದು. ವರ್ಷಗಟ್ಟಲೆ ಕಳೆದ ಮೇಲೆ ಲೋಕ ಅದಾಲತ್‌ನಲ್ಲಿ "ಇಷ್ಟಕ್ಕೆ ಒಪ್ಕೊಳ್ಳಿ" ಅಂತಾರೆ. ಅದಾಲತ್ ಕೆಟ್ಟದ್ದಲ್ಲ. ಸಾಲ ಮಾಡಿಕೊಂಡು ಕಾದು ಕಾದು ಸುಸ್ತಾದವನು ಎಷ್ಟಕ್ಕೆ ಬೇಕಾದರೂ ಒಪ್ಪುತ್ತಾನೆ ಅನ್ನುವುದು ಕೆಟ್ಟದ್ದು.

ಹಾಗಾಗಿ ನನ್ನ ಕೋರಿಕೆ ದೊಡ್ಡದೇನಲ್ಲ. ಹೊಸ ಕಾನೂನು ಬೇಡ, ಹೊಸ ಯೋಜನೆಯೂ ಬೇಡ. ನಮೂನೆ 2 ಅನ್ನು ಸರಳ ಕನ್ನಡದಲ್ಲಿ, ಅಜ್ಜಿಯೂ ಓದಿಸಿಕೊಂಡು ಅರ್ಥ ಮಾಡಿಕೊಳ್ಳುವ ಹಾಗೆ ಅಚ್ಚು ಹಾಕಿಸಿ. ಆಸ್ಪತ್ರೆಗೆ ಹೇಳಿಕೆ ಬರೆಯಲು ಹೋಗುವ ಸಿಬ್ಬಂದಿಯ ಕೈಗೇ ಅದನ್ನು ಕೊಡಿ, ಅವರು ಹೇಗೂ ಹೋಗುತ್ತಾರಲ್ಲ. ಕೊಟ್ಟದ್ದಕ್ಕೆ ಮನೆಯವರ ಸಹಿ ತೆಗೆದುಕೊಂಡು ಕೇಸಿನ ಫೈಲಿಗೆ ಸೇರಿಸಿ. ಸಹಿ ಇಲ್ಲದಿದ್ದರೆ ಎಸ್‌ಪಿಯವರು ತಿಂಗಳ ಸಭೆಯಲ್ಲಿ ಯಾಕೆ ಅಂತ ಕೇಳಲಿ. ಕಾಗದದ ಹಿಂಭಾಗದಲ್ಲಿ ಕಾನೂನು ಸೇವಾ ಪ್ರಾಧಿಕಾರದ 15100 ನಂಬರ್ ಇರಲಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ವಕೀಲರು ಉಚಿತ. ಅರ್ಜಿಯನ್ನು ತಾವು ವಾಸವಿರುವ ಊರಿನಲ್ಲೂ ಹಾಕಬಹುದು ಅನ್ನುವ ಒಂದು ಸಾಲೂ ಇರಲಿ. ಬೆಂಗಳೂರಿನಲ್ಲಿ ಪೆಟ್ಟಾಗಿ ಊರಿಗೆ ಮರಳಿದ ರಾಯಚೂರಿನ ಕೂಲಿಯವನು ಪ್ರತಿ ವಾಯಿದೆಗೂ ರೈಲು ಹತ್ತಬೇಕಾಗಿಲ್ಲ ಅಂತ ಅವನಿಗೆ ತಿಳಿಯಲಿ.

ಜೊತೆಗೆ ಎರಡು ಪ್ರಶ್ನೆಗಳಿವೆ, ದಯವಿಟ್ಟು ಸಾರ್ವಜನಿಕವಾಗಿ ಉತ್ತರಿಸಿ. ಸುಪ್ರೀಂ ಕೋರ್ಟ್ ಹೇಳಿದ ವಿಶೇಷ ಘಟಕ ಯಾವ ಯಾವ ಜಿಲ್ಲೆಯಲ್ಲಿದೆ, ಯಾರನ್ನು ಕೇಳಬೇಕು? ಕಳೆದ ವರ್ಷ ರಾಜ್ಯದಲ್ಲಿ ದಾಖಲಾದ ಅಪಘಾತ ಪ್ರಕರಣಗಳಲ್ಲಿ ಎಷ್ಟಕ್ಕೆ ನಮೂನೆ 2 ಕೊಡಲಾಗಿದೆ, ಠಾಣೆವಾರು? ಎರಡನೆಯದಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಬರೆದಿಟ್ಟಿದ್ದೇನೆ. ನೀವೇ ಹೇಳಿಬಿಟ್ಟರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಉಳಿಯುತ್ತದೆ.

ಇಂತಿ,
ಚಿತ್ರದುರ್ಗದ ಒಬ್ಬ ನಾಗರಿಕ